ಟವರ್ ಇಲ್ಲದ ಊರಿಗೆ ಒಟಿಪಿ

‘ಒಟಿಪಿ ಯಾರಿಗೂ ಹೇಳ್ಬೇಡಿ’ ಅಂತ ಬ್ಯಾಂಕುಗಳು ದಿನಾ ಮೆಸೇಜ್ ಕಳಿಸ್ತವೆ. ಮಾತು ಸರಿ, ಆದರೆ ಅದು ಸಿಗ್ನಲ್ ಇದ್ದವರಿಗೆ ಹೇಳಿದ ಮಾತು. ಹಳೇ ಸೂಪಾ, ಅಂದರೆ ಇವತ್ತಿನ ಜೋಯಿಡಾ ತಾಲ್ಲೂಕಿನ ಕಾಡಿನ ಹಳ್ಳಿಗಳಲ್ಲಿ ನೆಟ್‌ವರ್ಕಿಗಾಗಿ ಗುಡ್ಡ ಹತ್ತಬೇಕಾದ ಜಾಗಗಳಿವೆ. ಮನೆಗೆ ವೈಫೈ ಬಂದರೂ ಟವರ್ ಸಿಗದಿದ್ದರೆ ಒಟಿಪಿ ಬರೋದು ಅದರ ಅವಧಿ ಮುಗಿದ ಮೇಲೆ. ಹಾಗಂತ ಪೇಟೆಯಲ್ಲಿರೋ ಮಗನ ನಂಬರನ್ನು ಖಾತೆಗೆ ಕೊಟ್ಟರೆ, ಪ್ರತಿ ಸಲ ಅವನೇ ಒಟಿಪಿ ಹೇಳಬೇಕು. ಹೇಳದೆ ಕೆಲಸವೇ ಆಗದ ವ್ಯವಸ್ಥೆ ಕಟ್ಟಿ, ಮೋಸ ಹೋದಾಗ ‘ಜನರಿಗೆ ಜಾಗೃತಿ ಇಲ್ಲ’ ಅನ್ನೋದು ಅನ್ಯಾಯ.

ಬೇರೆ ದಾರಿ ಇದೆ. ಆಥೆಂಟಿಕೇಟರ್ ಆ್ಯಪ್ ಫೋನಿನ ಗಡಿಯಾರ ಮತ್ತು ಒಳಗಿಟ್ಟ ರಹಸ್ಯ ಕೀಲಿಯಿಂದಲೇ ಸಾಮಾನ್ಯವಾಗಿ 30 ಸೆಕೆಂಡಿಗೊಂದು ಹೊಸ ಕೋಡ್ ಕೊಡುತ್ತೆ, ಟವರ್ ಬೇಕಿಲ್ಲ. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ, 2026ರ ಏಪ್ರಿಲ್ 1ರಿಂದ ಅನ್ವಯಿಸುವ ನಿಯಮಗಳೂ ಎಸ್ಸೆಮ್ಮೆಸ್ಸೇ ಆಗಬೇಕು ಅನ್ನೋದಿಲ್ಲ.

ನಮ್ಮಲ್ಲಿ ಎಷ್ಟೋ ಜನ ಇಂಥ ಆ್ಯಪ್ ಕಟ್ಟೋರೇ. ನಿಮ್ಮ ಲಾಗಿನ್ ಪುಟವನ್ನ ಸಿಮ್ ತೆಗೆದು, ಬರೀ ವೈಫೈನಲ್ಲಿ ಒಮ್ಮೆ ಪರೀಕ್ಷೆ ಮಾಡಿ. ಅಲ್ಲಿ ಸಿಕ್ಕಿಹಾಕಿಕೊಂಡರೆ, ತಪ್ಪು ಜೋಯಿಡಾದವರದ್ದಲ್ಲ.