ವೇದಿಕೆಯೂ ಸರತಿಯ ಸಾಲೂ

ಉತ್ಸವವೊಂದು ಮುಗಿದೊಡನೆ ಅದರ ಯಶಸ್ಸನ್ನು ಜನಸಂಖ್ಯೆಯಿಂದ ಅಳೆಯುವುದು ನಮ್ಮಲ್ಲಿ ರೂಢಿಯಾಗಿದೆ. ಯಾವ ಗಣ್ಯರು ದೀಪ ಬೆಳಗಿಸಿದರು, ಪತ್ರಿಕೆಗಳಲ್ಲಿ ಎಷ್ಟು ಚಿತ್ರಗಳು ಬಂದವು ಎಂಬುದನ್ನೇ ಸಾರ್ವಜನಿಕ ಸಂಪರ್ಕವೆಂದು ಸಂಘಟಕರು ಭಾವಿಸುವುದುಂಟು. ಬಂದವರು ಯಾವ ಭಾವವನ್ನು ಹೊತ್ತು ಮನೆಗೆ ಮರಳಿದರೆಂದು ವಿಚಾರಿಸುವವರು ವಿರಳ.

ಹಾಸನಾಂಬೆಯ ಉತ್ಸವವನ್ನೇ ಪರಿಶೀಲಿಸೋಣ. ಆಶ್ವಯುಜ ಹುಣ್ಣಿಮೆಯ ಅನಂತರದ ಮೊದಲ ಗುರುವಾರ ಗರ್ಭಗುಡಿಯ ಬಾಗಿಲು ತೆರೆಯುತ್ತದೆ. ಬಲಿಪಾಡ್ಯಮಿಯ ಮರುದಿನ ಮುಚ್ಚುತ್ತದೆ. ದಿನಗಳು ಮೊದಲೇ ಗೊತ್ತಿರುವುದರಿಂದ ಸಿದ್ಧತೆಗೆ ಕಾಲಾವಕಾಶವಿಲ್ಲವೆನ್ನುವಂತಿಲ್ಲ. ಆದರೂ 2023ರಲ್ಲಿ ಸರತಿಯಲ್ಲಿದ್ದವರಿಗೆ ವಿದ್ಯುತ್ ತಂತಿಯ ಆಘಾತ ತಗುಲಿ, ನೂಕುನುಗ್ಗಲಿನಲ್ಲಿ ಹಲವರು ಗಾಯಗೊಂಡರು. 2024ರಲ್ಲಿ ಪಾಸುಗಳು ಮಿತಿಮೀರಿ ಹಂಚಿಕೆಯಾಗಿ ಗೊಂದಲವುಂಟಾಯಿತು. 2025ರಲ್ಲಿ ಹಳೆಯ ಪಾಸಿನ ಪದ್ಧತಿಯನ್ನು ಕೈಬಿಟ್ಟು ಗೋಲ್ಡ್ ಕಾರ್ಡ್ ತರಲಾಯಿತು. ಗಣ್ಯರ ದರ್ಶನಕ್ಕೆ ವೇಳೆ ಗೊತ್ತುಪಡಿಸಲಾಯಿತು. ಆ ವರ್ಷ ಸುಮಾರು 26 ಲಕ್ಷ ಜನ ದರ್ಶನ ಪಡೆದರು. ಸುಧಾರಣೆಯನ್ನು ಮೆಚ್ಚಬೇಕು. ಆದರೆ 300 ಮತ್ತು 1000 ರೂಪಾಯಿಗಳ ಸಾಲುಗಳು ಮುಂದೆ ಸಾಗುವಾಗ ಧರ್ಮದರ್ಶನದ ಸಾಲಿನಲ್ಲಿ ನಿಂತ ವೃದ್ಧೆಯ ಮನಸ್ಸಿನಲ್ಲಿ ಏಳುವ ಪ್ರಶ್ನೆಗೆ ಉತ್ತರ ದೊರೆತಿಲ್ಲ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳ ಬೇರೊಂದು ಮಾದರಿಯನ್ನು ಮುಂದಿಡುತ್ತದೆ. 1981, 1993, 2006, 2018ರಲ್ಲಿ ನಡೆದ ಮಹಾಮಸ್ತಕಾಭಿಷೇಕಗಳ ಅನುಭವ ಒಂದರಿಂದ ಮತ್ತೊಂದಕ್ಕೆ ಹರಿದುಬಂದಿದೆ. 2018ರಲ್ಲಿ 12 ತಾತ್ಕಾಲಿಕ ಉಪನಗರಗಳು ನಿರ್ಮಾಣಗೊಂಡವು. ತ್ಯಾಗಿಗಳು, ಕಲಶಧಾರಿಗಳು, ಪತ್ರಕರ್ತರು ಮೊದಲಾದವರ ವಾಸ್ತವ್ಯವನ್ನು ಮುಂಚಿತವಾಗಿ ಯೋಚಿಸಲಾಗಿತ್ತು. ಅಲ್ಲಿ ಸರ್ಕಾರದ ಹಣವೂ ಹೇರಳವಾಗಿತ್ತೆಂಬುದು ನಿಜ. ಅಷ್ಟು ಹಣ ಚಿಕ್ಕ ಊರಿನ ಜಾತ್ರೆಗೆ ಒದಗದು. ಆದರೆ ಬರುವವನು ಎಲ್ಲಿ ಇಳಿಯುತ್ತಾನೆ, ಎಲ್ಲಿ ನೀರು ಕುಡಿಯುತ್ತಾನೆ, ಎಲ್ಲಿ ಮಲಗುತ್ತಾನೆ ಎಂದು ಮೊದಲೇ ಯೋಚಿಸುವ ಬುದ್ಧಿಗೆ ಹಣ ಬೇಕಿಲ್ಲ.

ಹೊಳೆನರಸೀಪುರದ ನರಸಿಂಹಸ್ವಾಮಿಯ ರಥೋತ್ಸವಕ್ಕೂ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಸುಬ್ರಹ್ಮಣ್ಯಸ್ವಾಮಿಯ ಜಾತ್ರೆಗೂ ಈ ಮಾತು ಸಲ್ಲುತ್ತದೆ. ರಾಮನಾಥಪುರದಲ್ಲಿ ಕಾವೇರಿ ಪಕ್ಕದಲ್ಲೇ ಹರಿಯುತ್ತಾಳೆ. ಜಾತ್ರೆಗೆ ದನಕರುಗಳೂ ಬರುತ್ತವೆ. ಅಂಥಲ್ಲಿ ಸ್ನಾನಘಟ್ಟದ ಕಾವಲು, ಸ್ತ್ರೀಯರಿಗೆ ಮರೆಯ ಸ್ಥಳ, ರಾಸುಗಳಿಗೆ ನೀರು, ತಪ್ಪಿಸಿಕೊಂಡ ಮಕ್ಕಳಿಗೊಂದು ನೆಲೆ, ಇವೇ ನಿಜವಾದ ಸ್ವಾಗತ ಭಾಷಣ. ಪ್ರತಿಯೊಂದು ಕೆಲಸಕ್ಕೂ ಒಬ್ಬ ಹೊಣೆಗಾರನ ಹೆಸರು ಬರಹದಲ್ಲಿರಬೇಕು. "ಎಲ್ಲರೂ ನೋಡಿಕೊಳ್ಳುತ್ತಾರೆ" ಎಂದಾಗ ಯಾರೂ ನೋಡಿಕೊಳ್ಳುವುದಿಲ್ಲ.

ಇನ್ನು ನಮ್ಮ ಸಭೆಗಳ ಮಾತು. ಆಹ್ವಾನಪತ್ರಿಕೆಯಲ್ಲಿ ಹತ್ತು ಗಂಟೆ. ಅತಿಥಿಗಳು ಬರುವಾಗ ಹನ್ನೆರಡು. ಪ್ರಾರ್ಥನೆ ಹಾಡಬೇಕಾದ ಮಕ್ಕಳು ಅಷ್ಟರಲ್ಲಿ ಬಾಡಿರುತ್ತಾರೆ. ಹಾರ, ಶಾಲು, ಸ್ಮರಣಿಕೆಗಳಲ್ಲಿ ಒಂದು ಗಂಟೆ ಕಳೆದ ಮೇಲೆ, ವಿದ್ವಾಂಸರಿಗೆ "ಐದೇ ನಿಮಿಷ" ಎಂಬ ಚೀಟಿ ಹೋಗುತ್ತದೆ. ಇದು ಅತಿಥಿಗೂ ಗೌರವವಲ್ಲ, ಸಭಿಕರಿಗೂ ಗೌರವವಲ್ಲ.

ಮಠದಲ್ಲಿ ಓದಿದವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ದಾಸೋಹದ ಪಂಕ್ತಿಯಲ್ಲಿ ಬಡಿಸಿದ ಕೈಗೆ, ಕೊನೆಯ ಎಲೆಗೆ ಅನ್ನ ಮುಟ್ಟಿತೇ ಎಂದು ನೋಡುವ ಅಭ್ಯಾಸವಿರುತ್ತದೆ. ಉತ್ಸವದ ಪರೀಕ್ಷೆಯೂ ಅದೇ. ವೇದಿಕೆಯ ಕಡೆಗೆ ಮುಖಮಾಡಿದ ಸಂಘಟಕನು ಒಮ್ಮೆ ಹಿಂದಿರುಗಿ, ಸಾಲಿನ ತುದಿಯವರೆಗೆ ನಡೆದು ಬರಲಿ. ಅಲ್ಲಿ ಕೇಳಿಬರುವ ಮಾತೇ ಆ ಸಂಸ್ಥೆಯ ಕೀರ್ತಿ.