ಸರಾಸರಿಯ ಮರೆಯಲ್ಲಿ ರೋಗಿ: ಶೀಘ್ರಸ್ಖಲನ ಚಿಕಿತ್ಸೆಯ ಫಲಮಾಪನ

ಶೀಘ್ರಸ್ಖಲನದ ಚಿಕಿತ್ಸೆ ಎಷ್ಟರಮಟ್ಟಿಗೆ ಫಲಿಸಿತು ಎಂಬುದನ್ನು ಅರಿಯಲು ವೈದ್ಯಸಂಶೋಧಕರು ಬಳಸುವ ಮುಖ್ಯ ಸಾಧನ ಸ್ಟಾಪ್‌ವಾಚ್. ಸಮಾಗಮದ ಆರಂಭದಿಂದ ಸ್ಖಲನದವರೆಗಿನ ಅವಧಿಯನ್ನು ಹೆಚ್ಚಾಗಿ ಸಂಗಾತಿಯೇ ಗುರುತಿಸಿಕೊಳ್ಳುತ್ತಾಳೆ. ಧ್ವನಿಮುದ್ರಣ ಯಂತ್ರವನ್ನು ಮುಂದಿಟ್ಟೊಡನೆ ಹಾಡುಗಾರ್ತಿಯ ದನಿಯೇ ಬದಲಾಗುವುದನ್ನು ಕಂಡಿರುವ ಜಾನಪದ ಕ್ಷೇತ್ರಕಾರ್ಯಕ್ಕೆ ಈ ಗಡಿಯಾರದ ಬಗೆಗೆ ಸಂದೇಹ ಮೂಡುವುದು ಸಹಜ. ಆದರೂ ಅದಕ್ಕಿಂತ ದೊಡ್ಡ ತೊಡಕು ಎದುರಾಗುವುದು, ಹೀಗೆ ದೊರೆತ ಅಂಕಿಗಳನ್ನು ಒಂದೇ ಸಂಖ್ಯೆಗೆ ಇಳಿಸುವಾಗ.

ನೆದರ್ಲೆಂಡ್ಸ್, ಬ್ರಿಟನ್, ಸ್ಪೇನ್, ಟರ್ಕಿ ಹಾಗೂ ಅಮೆರಿಕಗಳ ಸುಮಾರು 500 ಜೋಡಿಗಳನ್ನು ಕುರಿತು ವಾಲ್ಡಿಂಗರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಅವಧಿಯ ಮಧ್ಯಾಂಕ 5.4 ನಿಮಿಷ, ಕನಿಷ್ಠ 0.55, ಗರಿಷ್ಠ 44.1. ಬಹುಪಾಲು ಅಂಕಿಗಳು ಕೆಳಗಡೆ ಒತ್ತಾಗಿದ್ದು, ಕೆಲವು ಮಾತ್ರ ಬಹುದೂರ ಚಾಚಿಕೊಂಡಿರುವ ಹಂಚಿಕೆಯಿದು. ಇಂಥಲ್ಲಿ ಸಾಮಾನ್ಯ ಸರಾಸರಿ ದಾರಿ ತಪ್ಪಿಸುತ್ತದೆ. ಚಿಕಿತ್ಸೆಗೆ ಮೊದಲು ಒಂದೊಂದು ನಿಮಿಷವಿದ್ದ ಐವರ ಅವಧಿ ಆಮೇಲೆ 1, 2, 2, 3 ಹಾಗೂ 32 ನಿಮಿಷಗಳಾದವೆಂದು ಕಲ್ಪಿಸಿಕೊಳ್ಳೋಣ. ಸರಾಸರಿ 8. ಮಧ್ಯಾಂಕ 2. ಗುಣೋತ್ತರ ಮಾಧ್ಯ ಸುಮಾರು 3.3. ಎಂಟು ಪಟ್ಟು ಸುಧಾರಣೆ ಎಂದು ಬರೆದರೆ ಲೆಕ್ಕ ತಪ್ಪಲ್ಲ. ಆದರೆ ನಾಲ್ವರ ಪಾಲಿಗೆ ಅದು ನಿಜವೂ ಅಲ್ಲ. ಒಂದೇ ಕಥೆಯ ಹತ್ತು ಪಾಠಗಳಲ್ಲಿ ಒಂದು ಮಾತ್ರ ರಾತ್ರಿಯಿಡೀ ನಡೆದರೆ, ಹತ್ತರ ಸರಾಸರಿ ಅವಧಿ ಯಾವ ಪಾಠದ್ದೂ ಆಗಿರುವುದಿಲ್ಲ.

ಡಪಾಕ್ಸಿಟೀನ್ ಔಷಧವನ್ನು ಕುರಿತು 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ವರದಿಯನ್ನು ಈ ದೃಷ್ಟಿಯಿಂದ ಓದಬೇಕು. 60 ಮಿಲಿಗ್ರಾಂ ಪಡೆದವರ ಸರಾಸರಿ 0.91 ನಿಮಿಷದಿಂದ 3.32ಕ್ಕೆ ಏರಿತು. ಅದರ ಮಾನಕ ವಿಚಲನೆ 3.68, ಅಂದರೆ ಸರಾಸರಿಗಿಂತಲೂ ಹೆಚ್ಚು. ಕಾಲ ಶೂನ್ಯಕ್ಕಿಂತ ಕೆಳಗಿಳಿಯಲಾರದಾದ್ದರಿಂದ, ಕೆಲವರ ದೀರ್ಘ ಅವಧಿಗಳೇ ಸರಾಸರಿಯನ್ನು ಮೇಲಕ್ಕೆಳೆದಿವೆ ಎಂಬುದು ಇದರಿಂದಲೇ ತಿಳಿಯುತ್ತದೆ. ಔಷಧಾಂಶವಿಲ್ಲದ ಹುಸಿಗುಳಿಗೆ ಪಡೆದವರದೂ 0.90ರಿಂದ 1.75ಕ್ಕೆ ಏರಿತ್ತೆಂಬುದನ್ನು ಮರೆಯುವಂತಿಲ್ಲ.

ಗುಣೋತ್ತರ ಮಾಧ್ಯವನ್ನೇ ಬಳಸಬೇಕೆಂದು ವಾಲ್ಡಿಂಗರ್ ಮತ್ತು ಸಂಗಡಿಗರು 2008ರಲ್ಲಿ ವಾದಿಸಿದರು. ವಾದ ಒಪ್ಪತಕ್ಕದ್ದೇ. ಆದರೆ ಸಮಾಗಮಕ್ಕೆ ಮುನ್ನವೇ ಸ್ಖಲಿಸುವವನ ಅವಧಿ ಸೊನ್ನೆ. ಒಂದು ಸೊನ್ನೆ ಸೇರಿದರೂ ಗುಣಲಬ್ಧವೆಲ್ಲ ಸೊನ್ನೆಯಾಗುತ್ತದೆ. ತೀವ್ರವಾಗಿ ನರಳುವವನೇ ಲೆಕ್ಕದಿಂದ ಹೊರಗುಳಿಯುವ ಅಪಾಯವಿದು. ಇನ್ನು ಅರ್ಧ ನಿಮಿಷ ಒಂದೂವರೆ ನಿಮಿಷವಾದರೆ ಅದೂ ಮೂರು ಪಟ್ಟೇ. ಆ ದಂಪತಿಗಳ ಕಳವಳ ಇಳಿಯಿತೇ ಎಂಬುದನ್ನು ಯಾವ ಮಾಧ್ಯವೂ ಹೇಳದು.

ಅದನ್ನು ಅವರನ್ನೇ ಕೇಳಬೇಕು. 2006ರ ವರದಿಯು ಹಿಡಿತ, ತೃಪ್ತಿಗಳ ಬಗೆಗೆ ರೋಗಿಗಳನ್ನೂ, ತೃಪ್ತಿಯ ಬಗೆಗೆ ಸಂಗಾತಿಗಳನ್ನೂ ಕೇಳಿತ್ತು. ಇಂಥ ಉತ್ತರಗಳು 'ಸಾಧಾರಣ', 'ಚೆನ್ನಾಗಿದೆ' ಎಂಬಂಥ ಮಾತುಗಳ ಮೆಟ್ಟಿಲುಗಳು. ಅವುಗಳಿಗೆ ಅಂಕ ಹಚ್ಚಿ ಸರಾಸರಿ ತೆಗೆದರೆ ಮೆಟ್ಟಿಲುಗಳ ಎತ್ತರವೆಲ್ಲ ಒಂದೇ ಎಂದು ಭಾವಿಸಿದಂತಾಗುತ್ತದೆ. ನೂರರಲ್ಲಿ ಎಷ್ಟು ಮಂದಿ ಒಂದು ಮೆಟ್ಟಿಲು ಹತ್ತಿದರು, ಎಷ್ಟು ಮಂದಿ ಇದ್ದಲ್ಲೇ ಉಳಿದರು ಎಂದು ಎಣಿಸಿ ಹೇಳುವುದೇ ಇಲ್ಲಿ ಹೆಚ್ಚು ಪ್ರಾಮಾಣಿಕವಾದ ಸಂಖ್ಯೆ.