ಬಣ್ಣ ಹೇಳುವ ಭಾಜಕ

ಪೊಟ್ಯಾಸಿಯಂ ಪರ್ಮಾಂಗನೇಟಿನ ಈಕ್ವಿವೆಲೆಂಟ್ ತೂಕ ಎಷ್ಟು? ಪಿಯುಸಿ ವಿದ್ಯಾರ್ಥಿಗಳನ್ನು ಕೇಳಿ ನೋಡಿ, ಹೆಚ್ಚಿನವರು ಥಟ್ಟನೆ 31.6 ಎನ್ನುತ್ತಾರೆ. ‘ಯಾವ ಮಾಧ್ಯಮದಲ್ಲಿ, ಸಾರ್?’ ಎಂದು ತಿರುಗಿ ಕೇಳುವವರು ಅಪರೂಪ. ನನಗೆ ಮೆಚ್ಚುಗೆಯಾಗುವುದು ಆ ತಿರುಗುಪ್ರಶ್ನೆ. ಈ ತೂಕ ವಸ್ತುವಿಗೆ ಅಂಟಿಕೊಂಡದ್ದಲ್ಲ, ಅದು ನಡೆಸುವ ಕ್ರಿಯೆಗೆ ಸೇರಿದ್ದು.

ಲೆಕ್ಕ ಸುಲಭ. ಒಂದು ಅಣು ಎಷ್ಟು ಎಲೆಕ್ಟ್ರಾನು ಕೊಡುತ್ತದೆ ಅಥವಾ ಪಡೆಯುತ್ತದೆ ಎಂದು ಎಣಿಸಿ, ಅಣುತೂಕವನ್ನು ಆ ಸಂಖ್ಯೆಯಿಂದ ಭಾಗಿಸಬೇಕು. ಪರ್ಮಾಂಗನೇಟಿನ ಅಣುತೂಕ 158. ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದಲ್ಲಿ ಅದರ ಮ್ಯಾಂಗನೀಸು +7ರಿಂದ +2ಕ್ಕೆ ಇಳಿಯುತ್ತದೆ: ಐದು ಎಲೆಕ್ಟ್ರಾನು, 31.6. ತಟಸ್ಥ ದ್ರಾವಣದಲ್ಲಿ +4ಕ್ಕೇ ನಿಲ್ಲುತ್ತದೆ: ಮೂರು, 52.7. ಪ್ರಬಲ ಕ್ಷಾರದಲ್ಲಿ +6ಕ್ಕೆ ಇಳಿದು ನಿಂತರೆ ಒಂದೇ ಒಂದು, ಪೂರಾ 158. ಇದನ್ನು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ, ಕಣ್ಣಿಗೇ ಕಾಣುತ್ತದೆ. ನೇರಳೆ ಹೋಗಿ ದ್ರಾವಣ ತಿಳಿಯಾದರೆ ಐದು, ಕಂದು ಗಸಿ ಕೂತರೆ ಮೂರು, ಹಸಿರು ತಿರುಗಿದರೆ ಒಂದು. ಭಾಜಕವನ್ನು ಇಷ್ಟು ಸ್ಪಷ್ಟವಾಗಿ ಬಣ್ಣದಲ್ಲೇ ತೋರಿಸುವ ಇನ್ನೊಂದು ರಾಸಾಯನಿಕ ನಮ್ಮ ಕಾಲೇಜು ಲ್ಯಾಬುಗಳಲ್ಲಿ ಇಲ್ಲವೆಂದೇ ನನ್ನ ಅಭಿಪ್ರಾಯ.

ಇಷ್ಟೆಲ್ಲ ಯಾಕೆಂದರೆ, ಈಕ್ವಿವೆಲೆಂಟ್ ಲೆಕ್ಕದಲ್ಲಿ ಎರಡು ವಸ್ತುಗಳು ಸಮಸಮವಾಗಿ ಮುಗಿಯುತ್ತವೆ. ಲೀಟರಿಗೆ 3.16 ಗ್ರಾಂ ಪರ್ಮಾಂಗನೇಟು, ಇನ್ನೊಂದು ಲೀಟರಿಗೆ 6.3 ಗ್ರಾಂ ಆಕ್ಸಾಲಿಕ್ ಆಮ್ಲದ ಹರಳು ಕರಗಿಸಿದರೆ ಎರಡೂ 0.1 ನಾರ್ಮಲ್. ಆಮ್ಲದ 10 ಮಿಲಿಲೀಟರಿಗೆ ಬ್ಯುರೆಟ್‌ನಿಂದ 10 ಮಿಲಿಲೀಟರ್ ಇಳಿದರೆ ಮುಗಿಯಿತು. ಎರಡು ಪರ್ಮಾಂಗನೇಟಿಗೆ ಐದು ಆಕ್ಸಾಲೇಟು ಎಂಬ ಸಮೀಕರಣ ಮರೆತಿದ್ದರೂ ಉತ್ತರ ತಪ್ಪುವುದಿಲ್ಲ. ಆದರೆ ಅದೇ ಪರ್ಮಾಂಗನೇಟು ಬಾಟಲಿಯನ್ನು ತಟಸ್ಥ ದ್ರಾವಣದ ಪ್ರಯೋಗಕ್ಕೆ ಬಳಸಿದರೆ ಅದು 0.06 ನಾರ್ಮಲ್ ಮಾತ್ರ. ಚೀಟಿ ನಂಬಿದವರು ಕೆಡುತ್ತಾರೆ. ನಾರ್ಮಾಲಿಟಿಯ ಬದಲು ಮೊಲಾರಿಟಿಯನ್ನೇ ಬಳಸಿ ಎಂದು ಇಂದು ಹೇಳುವುದಕ್ಕೆ ಇದೇ ಕಾರಣ. ಅದು ನ್ಯಾಯವೇ. ಆದರೂ ಎಲೆಕ್ಟ್ರಾನು ಎಣಿಸುವ ಅಭ್ಯಾಸವನ್ನು ಅದರ ಜೊತೆಗೇ ಕೈಬಿಡುವುದನ್ನು ನಾನು ಒಪ್ಪುವುದಿಲ್ಲ.

ಎಣಿಸುವಾಗ ಅಣುವಿನಲ್ಲಿರುವ ಪರಮಾಣುಗಳನ್ನೂ ನೋಡಿ. ಡೈಕ್ರೋಮೇಟಿನಲ್ಲಿ ಕ್ರೋಮಿಯಂ +6ರಿಂದ +3ಕ್ಕೆ ಬರುತ್ತದೆಂದು 294ನ್ನು ಮೂರರಿಂದ ಭಾಗಿಸುವವರಿದ್ದಾರೆ. ಅಲ್ಲಿರುವುದು ಎರಡು ಕ್ರೋಮಿಯಂ. ಭಾಜಕ ಆರು, ಉತ್ತರ 49.

ಆಕ್ಸಾಲಿಕ್ ಆಮ್ಲ ಇನ್ನೊಂದು ಬಗೆಯಲ್ಲಿ ದಾರಿ ತಪ್ಪಿಸುತ್ತದೆ. ಹರಳಿನ ಅಣುತೂಕ, ಎರಡು ನೀರಿನ ಅಣು ಸೇರಿ, 126. ಆಮ್ಲವಾಗಿ ಎರಡು ಹೈಡ್ರೋಜನ್ ಅಯಾನು, ಅಪಕರ್ಷಕವಾಗಿ ಎರಡು ಎಲೆಕ್ಟ್ರಾನು. ಹೇಗೆ ಭಾಗಿಸಿದರೂ 63. ಹಾಗಾಗಿ ಎರಡೂ ಒಂದೇ ಲೆಕ್ಕ ಎನ್ನಿಸಿಬಿಡುತ್ತದೆ. ಈ ಭ್ರಮೆ ಕಳೆಯಲು ಪೊಟ್ಯಾಸಿಯಂ ಹೈಡ್ರೋಜನ್ ಆಕ್ಸಾಲೇಟನ್ನು ತೆಗೆದುಕೊಳ್ಳಿ, ನೀರಿಲ್ಲದ ಅದರ ಅಣುತೂಕ 128. ಕಾಸ್ಟಿಕ್ ಸೋಡಾದ ಎದುರು ಅದು ಬಿಟ್ಟುಕೊಡುವುದು ಒಂದೇ ಹೈಡ್ರೋಜನ್ ಅಯಾನು, ಈಕ್ವಿವೆಲೆಂಟ್ ತೂಕ 128. ಪರ್ಮಾಂಗನೇಟಿನ ಎದುರು ಎರಡು ಎಲೆಕ್ಟ್ರಾನು, 64.